ಎತ್ತಿಗೆ ಜ್ವರ, ಕೀಬೋರ್ಡಿಗೆ ಬರೆ

ಆಪರೇಟಿಂಗ್ ಸಿಸ್ಟಂ ಹಾಕುವ ಹೊತ್ತಿನಲ್ಲಿ ಕೀಬೋರ್ಡ್ ಮತ್ತು ಮೌಸ್ ಒಟ್ಟಿಗೆ ಕೈಕೊಡುವ ತೊಂದರೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ರೀತಿ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ. ಡಿಲೀಟ್ ಕೀ ಒತ್ತಿದರೆ ಬಯೋಸ್ ತೆರೆದುಕೊಳ್ಳುತ್ತದೆ. ಬಾಣದ ಕೀಗಳಿಂದ ಅಲ್ಲಿ ಮೇಲೆ ಕೆಳಗೆ ಓಡಾಡಬಹುದು, ಬೂಟ್ ಕ್ರಮ ಬದಲಿಸಬಹುದು. ಡಿವಿಡಿಯಿಂದ ಬೂಟ್ ಆಗಲು ಯಾವುದಾದರೂ ಕೀ ಒತ್ತಿ ಎಂದು ಪರದೆ ಕೇಳುತ್ತದೆ. ಒತ್ತಿದರೆ ಮಾತು ಕೇಳುತ್ತದೆ. ಫೈಲ್‌ಗಳು ಲೋಡ್ ಆಗಿ, ಭಾಷೆ ಆರಿಸಿಕೊಳ್ಳಿ ಎನ್ನುವ ಮೊದಲ ಕಿಟಕಿ ಬರುತ್ತದೆ. ಅಲ್ಲಿಗೆ ಮುಗಿಯಿತು. ಮೌಸಿನ ಬಾಣ ಪರದೆಯ ನಡುವೆ ನೆಟ್ಟ ಗೂಟದಂತೆ ನಿಂತುಬಿಡುತ್ತದೆ. ನಮ್ ಲಾಕ್ ಒತ್ತಿದರೆ ದೀಪ ಹತ್ತುವುದೂ ಇಲ್ಲ, ಆರುವುದೂ ಇಲ್ಲ. ‘ನೆಕ್ಸ್ಟ್’ ಗುಂಡಿ ಕಣ್ಣೆದುರಿಗೇ ಇದೆ. ಅದನ್ನು ಒತ್ತಲು ಮಾತ್ರ ಯಾವ ದಾರಿಯೂ ಇಲ್ಲ.

ಇದಕ್ಕೆ ಊರೆಲ್ಲ ಒಪ್ಪಿಕೊಂಡ ಮದ್ದೊಂದಿದೆ: ‘ಬೇರೆ ಕೀಬೋರ್ಡ್ ಹಾಕಿ ನೋಡಿ.’ ಅದು ನಡೆಯದಿದ್ದರೆ ‘ಹಿಂದಿನ ಪೋರ್ಟಿಗೆ ಚುಚ್ಚಿ ನೋಡಿ’, ಆಮೇಲೆ ‘ಪೆನ್‌ಡ್ರೈವ್ ಸರಿಯಾಗಿ ಬೂಟೆಬಲ್ ಆಗಿಲ್ಲ’, ಕೊನೆಗೆ ‘ಬೋರ್ಡೇ ಹೋಗಿರಬೇಕು’. ಮಹಾನಗರದ ಸರ್ವಿಸ್ ಸೆಂಟರಿನಿಂದ ತಾಲ್ಲೂಕು ಕೇಂದ್ರದ ಒಂಟಿ ಷಟರಿನ ರಿಪೇರಿ ಅಂಗಡಿಯವರೆಗೆ, ಸಹಾಯವಾಣಿಯ ದನಿಯಿಂದ ಪೆಟ್ಟಿಗೆಯೊಳಗಿನ ಕೈಪಿಡಿಯವರೆಗೆ ಜಪ ಇದೊಂದೇ. ಜಪದ ಹಿಂದಿನ ನಂಬಿಕೆಯೂ ಒಂದೇ: ಯುಎಸ್‌ಬಿ ಎಂದರೆ ಚುಚ್ಚಿದರೆ ಸಾಕು, ನಡೆಯುತ್ತದೆ, ನಡೆಯದಿದ್ದರೆ ದೋಷ ಚುಚ್ಚಿದ ವಸ್ತುವಿನದು, ಇಲ್ಲವೇ ಚುಚ್ಚಿದ ಕೈಯದು. ಈ ನಂಬಿಕೆ ಬುಡದಲ್ಲೇ ಸುಳ್ಳು. ಸುಳ್ಳಾದರೂ ನಿರಪಾಯವಾಗಿದ್ದರೆ ಅದರ ಪಾಡಿಗೆ ಬಿಡಬಹುದಿತ್ತು. ಆದರೆ ಇದು ಒಬ್ಬರು ಮಾಡಿದ ತಪ್ಪಿನ ಲೆಕ್ಕವನ್ನು ಇನ್ನೊಬ್ಬರ ಖಾತೆಗೆ ಬರೆಯುತ್ತದೆ. ಇನ್‌ಸ್ಟಾಲರಿನೊಳಗೆ ಇರಬೇಕಾದ ಡ್ರೈವರ್ ಇಲ್ಲದಿರುವಾಗ, ದುಡ್ಡು ಕೊಟ್ಟವನ ಕೀಬೋರ್ಡಿಗೆ ಬರೆ ಎಳೆಯುತ್ತದೆ.

ಮೊದಲು ಸಾಕ್ಷಿಯನ್ನೇ ವಿಚಾರಿಸಬೇಕು. ಬಯೋಸ್‌ನಲ್ಲಿ ಹತ್ತು ಸೆಕೆಂಡಿನ ಹಿಂದೆ ಓಡಾಡಿದ ಕೀಬೋರ್ಡ್ ಮೊದಲ ಕಿಟಕಿ ಬರುವಷ್ಟರಲ್ಲಿ ಕೆಟ್ಟುಹೋಯಿತೇ? ಮೌಸ್ ಕೂಡ ಅದೇ ಕ್ಷಣ ನೋಡಿಕೊಂಡು ಕೆಟ್ಟಿತೇ? ಬದಲಿಸಿದ ಎರಡನೆಯ ಕೀಬೋರ್ಡ್, ಮೂರನೆಯ ಕೀಬೋರ್ಡ್ ಎಲ್ಲವೂ ಅದೇ ಕಿಟಕಿಯ ಮುಂದೆಯೇ ಪ್ರಾಣ ಬಿಡಲು ಮಾತಾಡಿಕೊಂಡಿದ್ದವೇ? ಹಾಗೆ ನಂಬಲು ವಿಜ್ಞಾನ ಸಾಲದು, ಭಕ್ತಿ ಬೇಕು.

ಒಳಗೆ ನಡೆಯುವುದು ಬೇರೆಯೇ. ಕಂಪ್ಯೂಟರ್ ಎದ್ದ ಕೂಡಲೇ ಕೀಬೋರ್ಡನ್ನು ನಡೆಸುವುದು ಆಪರೇಟಿಂಗ್ ಸಿಸ್ಟಂ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಅದಕ್ಕೆಂದೇ ಯುಎಸ್‌ಬಿಯ ನಿಯಮಾವಳಿ ‘ಬೂಟ್ ಪ್ರೋಟೋಕಾಲ್’ ಎಂಬ ಸರಳ ಒಪ್ಪಂದವನ್ನು ಇಟ್ಟಿದೆ. ಕೀಬೋರ್ಡ್ ಪ್ರತಿ ಸಲ ಎಂಟು ಬೈಟ್ ಕಳಿಸುತ್ತದೆ: ಒಂದು ಬೈಟ್ ಶಿಫ್ಟ್, ಕಂಟ್ರೋಲ್‌ನಂಥ ಕೀಗಳಿಗೆ, ಒಂದು ಖಾಲಿ, ಉಳಿದ ಆರು ಒತ್ತಿದ ಕೀಗಳಿಗೆ. ಎಷ್ಟೇ ಬಡ ಫರ್ಮ್‌ವೇರ್ ಆದರೂ ಇಷ್ಟನ್ನು ಓದಬಲ್ಲದು. ಬಯೋಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕೀಬೋರ್ಡ್‌ಗಳೂ ನಡೆಯುವುದು ಈ ಕಾರಣಕ್ಕೆ. ಆಮೇಲೆ ಆಪರೇಟಿಂಗ್ ಸಿಸ್ಟಮಿನ ಕೇಂದ್ರಭಾಗ ಮೆಮೊರಿಗೆ ಬಂದು ಯಂತ್ರದ ಅಧಿಕಾರ ವಹಿಸಿಕೊಳ್ಳುತ್ತದೆ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರದಲ್ಲಿ ಫರ್ಮ್‌ವೇರಿನ ಡ್ರೈವರ್‌ಗಳು ಆ ಘಳಿಗೆಯಲ್ಲೇ ಕೆಲಸ ನಿಲ್ಲಿಸುತ್ತವೆ. ಹಳೆಯ ಪೂಜಾರಿ ಕೀಲಿಕೈ ಇಟ್ಟು ಹೊರಟ, ಹೊಸಬನಿಗೆ ಬೀಗ ತೆಗೆಯಲು ಬರುವುದಿಲ್ಲ. ದೇವರು ಒಳಗೇ ಇದ್ದಾನೆ, ಬಾಗಿಲು ಮಾತ್ರ ಮುಚ್ಚಿದೆ. ಕೀಬೋರ್ಡ್ ಒತ್ತಿದ್ದನ್ನೆಲ್ಲ ಕಳಿಸಲು ಸಿದ್ಧವಾಗಿಯೇ ಇರುತ್ತದೆ, ಕೇಳುವವರಿಲ್ಲ. ಬಯೋಸ್‌ನಲ್ಲಿ ನಡೆದು ಇನ್‌ಸ್ಟಾಲರಿನಲ್ಲಿ ನಿಂತ ಕೀಬೋರ್ಡ್ ಆದ್ದರಿಂದ ಆರೋಪಿಯ ಜಾಗದಲ್ಲಿ ನಿಲ್ಲಬೇಕಾದದ್ದಲ್ಲ. ಇನ್‌ಸ್ಟಾಲರಿನ ವಿರುದ್ಧ ಹೇಳಿಕೆ ಕೊಡುವ ಸಾಕ್ಷಿ ಅದು.

ಈ ಬೀಗ ತೆಗೆಯಲು ಬಾರದ ಹೊಸಬ ಬಂದದ್ದು ಹೇಗೆ ಎಂಬುದಕ್ಕೆ ದಿನಾಂಕಗಳಿವೆ. ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಕಂಟ್ರೋಲರ್ ಕಾಲಕ್ಕೆ ತಕ್ಕಂತೆ ಬದಲಾಗಿದೆ: ಮೊದಲ ಯುಎಸ್‌ಬಿಗೆ ಯುಎಚ್‌ಸಿಐ ಮತ್ತು ಒಎಚ್‌ಸಿಐ, ಯುಎಸ್‌ಬಿ 2.0ಗೆ ಇಎಚ್‌ಸಿಐ, ಯುಎಸ್‌ಬಿ 3.0ಗೆ ಎಕ್ಸ್‌ಎಚ್‌ಸಿಐ. ಪ್ರತಿಯೊಂದಕ್ಕೂ ಬೇರೆ ಡ್ರೈವರ್ ಬೇಕು. ಯುಎಸ್‌ಬಿ 3.0 ನಿಯಮಾವಳಿ ಹೊರಬಿದ್ದದ್ದು 2008ರ ನವೆಂಬರಿನಲ್ಲಿ. ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್ 22ರಂದು, ಎಕ್ಸ್‌ಎಚ್‌ಸಿಐ ಡ್ರೈವರ್ ಇಲ್ಲದೆ. ಆಗಿನ್ನೂ ಎಕ್ಸ್‌ಎಚ್‌ಸಿಐ ನಿಯಮಾವಳಿಯ 1.0 ಆವೃತ್ತಿ ಅಂತಿಮವಾಗಿರಲಿಲ್ಲ, ಅದು ಮುಗಿದದ್ದು 2010ರಲ್ಲಿ ಎಂಬ ಸಮಾಧಾನ ಹೇಳುವವರಿದ್ದಾರೆ. ಅವರ ಬಾಯಿ ಮುಚ್ಚಿಸಲು ಒಂದೇ ಸಂಗತಿ ಸಾಕು. ವಿಂಡೋಸ್ 7ಕ್ಕಿಂತ ಒಂದು ತಿಂಗಳು ಮೊದಲೇ, 2009ರ ಸೆಪ್ಟೆಂಬರಿನಲ್ಲಿ, ಲಿನಕ್ಸ್ ಕರ್ನಲ್ 2.6.31 ಎಕ್ಸ್‌ಎಚ್‌ಸಿಐ ಡ್ರೈವರಿನೊಂದಿಗೆ ಹೊರಬಂದಿತ್ತು. ಕರಡು ಮುಂದಿಟ್ಟುಕೊಂಡೇ ಒಬ್ಬರು ಬರೆದು ಮುಗಿಸಿದ್ದ ಕೆಲಸ ಜಗತ್ತಿನ ಅತಿದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಆಗದ ಕೆಲಸವಾಯಿತೇ?

ಆಗಲಿ, ಮೊದಲ ದಿನ ಆಗಲಿಲ್ಲ ಎಂದೇ ಇಟ್ಟುಕೊಳ್ಳೋಣ. 2011ರಲ್ಲಿ ಸರ್ವಿಸ್ ಪ್ಯಾಕ್ 1 ಬಂತು. ಅದರಲ್ಲೂ ಆ ಡ್ರೈವರ್ ಇರಲಿಲ್ಲ. ಸರ್ವಿಸ್ ಪ್ಯಾಕ್ 2 ಎನ್ನುವುದು ಬರಲೇ ಇಲ್ಲ. 2012ರ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಎಕ್ಸ್‌ಎಚ್‌ಸಿಐ ಡ್ರೈವರ್ ಸೇರಿಸಿತು. ಅಂದರೆ ಬರೆಯುವ ಕೈ ಇತ್ತು, ಬರೆದ ಡ್ರೈವರೂ ಇತ್ತು; ಹಳೆಯ ಗಿರಾಕಿಯ ಇನ್‌ಸ್ಟಾಲರಿಗೆ ಅದನ್ನು ಸೇರಿಸುವ ಮನಸ್ಸು ಇರಲಿಲ್ಲ. ಅಷ್ಟು ವರ್ಷ ಈ ಕೊರತೆ ಎದ್ದು ಕಾಣದಿದ್ದುದಕ್ಕೆ ಮದರ್‌ಬೋರ್ಡ್‌ಗಳಲ್ಲಿ ಹಳೆಯ ಇಎಚ್‌ಸಿಐ ಕಂಟ್ರೋಲರ್ ಕೂಡ ಜೊತೆಗೇ ಇದ್ದದ್ದು ಕಾರಣ. ಕಪ್ಪು ಪೋರ್ಟಿಗೆ ಚುಚ್ಚಿದರೆ ನಡೆಯುತ್ತಿತ್ತು, ನೀಲಿ ಪೋರ್ಟಿಗೆ ಚುಚ್ಚಿದರೆ ನಿಲ್ಲುತ್ತಿತ್ತು. ‘ಬೇರೆ ಪೋರ್ಟಿಗೆ ಚುಚ್ಚಿ ನೋಡಿ’ ಎಂಬ ಸಲಹೆ ಹುಟ್ಟಿದ್ದು ಆ ಕಾಲದಲ್ಲಿ. 2015ರಲ್ಲಿ ಇಂಟೆಲ್ ಸ್ಕೈಲೇಕ್ ಪ್ರೊಸೆಸರುಗಳನ್ನೂ ಅವುಗಳ 100 ಸರಣಿಯ ಚಿಪ್‌ಸೆಟ್‌ಗಳನ್ನೂ ತಂದಾಗ ಇಎಚ್‌ಸಿಐಯನ್ನು ತೆಗೆದುಹಾಕಿತು. ಅಲ್ಲಿಂದಾಚೆಗೆ ಕಪ್ಪು ಪೋರ್ಟೂ ಎಕ್ಸ್‌ಎಚ್‌ಸಿಐಯದ್ದೇ. ಪೋರ್ಟ್ ಬದಲಿಸುವ ಸಲಹೆಗೆ ಅಂದೇ ಆಯಸ್ಸು ತೀರಿತ್ತು. ಸಲಹೆ ಕೊಡುವವರಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.

ತಯಾರಕರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ವಿಂಡೋಸ್ 7ರ ಇನ್‌ಸ್ಟಾಲರಿಗೆ ಯುಎಸ್‌ಬಿ 3.0 ಡ್ರೈವರ್ ತುಂಬಿಸುವ ಪ್ರತ್ಯೇಕ ಉಪಕರಣವನ್ನು ಇಂಟೆಲ್ಲೇ ಬಿಡುಗಡೆ ಮಾಡಿತು. ಗಿಗಾಬೈಟ್, ಆಸುಸ್, ಎಂಎಸ್‌ಐ, ಎಎಸ್‌ರಾಕ್ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಅಂಥದ್ದೇ ಉಪಕರಣ ಕೊಟ್ಟವು. ಸಮಸ್ಯೆ ಕೀಬೋರ್ಡಿನದಾಗಿದ್ದರೆ ಇಷ್ಟೊಂದು ಕಂಪನಿಗಳು ಇನ್‌ಸ್ಟಾಲರನ್ನು ತಿದ್ದುವ ಉಪಕರಣ ಬರೆಯುತ್ತಿದ್ದವೇಕೆ? ಒಂದೊಂದು ಉಪಕರಣವೂ ಒಂದೊಂದು ತಪ್ಪೊಪ್ಪಿಗೆ. ಆದರೆ ಅದನ್ನು ಇಟ್ಟದ್ದೆಲ್ಲಿ? ಜಾಲತಾಣದ ಡೌನ್‌ಲೋಡ್ ಪುಟದ ಮೂಲೆಯಲ್ಲಿ. ಅದನ್ನು ಇಳಿಸಿಕೊಂಡು ನಡೆಸಲು ಬೇಕಾದದ್ದೇನು? ಸರಿಯಾಗಿ ಓಡುತ್ತಿರುವ ಇನ್ನೊಂದು ಕಂಪ್ಯೂಟರ್. ಇರುವ ಒಂದೇ ಕಂಪ್ಯೂಟರಿನ ಮುಂದೆ ಸತ್ತ ಮೌಸ್ ಹಿಡಿದು ಕೂತವನಿಗೆ ಮೊದಲು ಇನ್ನೊಂದು ಕಂಪ್ಯೂಟರ್ ಕೊಂಡುಕೊಳ್ಳಿ ಎಂದು ಹೇಳುವ ಉಪಕಾರ ಇದು.

ಇನ್‌ಸ್ಟಾಲರ್ ಆಡುವ ಮಾತು ಇನ್ನೂ ಸೊಗಸು. ಸ್ಕೈಲೇಕ್ ಯಂತ್ರಕ್ಕೆ ಪೆನ್‌ಡ್ರೈವಿನಿಂದ ವಿಂಡೋಸ್ 7 ಹಾಕಲು ಹೊರಟರೆ, ಅಗತ್ಯವಾದ ಸಿಡಿ ಅಥವಾ ಡಿವಿಡಿ ಡ್ರೈವಿನ ಡ್ರೈವರ್ ಇಲ್ಲ ಎಂಬ ಸಂದೇಶ ಎದುರಾಗುತ್ತದೆ. ಯಂತ್ರದಲ್ಲಿ ಸಿಡಿಯೂ ಇಲ್ಲ, ಡಿವಿಡಿಯೂ ಇಲ್ಲ. ನಡೆದದ್ದು ಇಷ್ಟು: ಪೆನ್‌ಡ್ರೈವಿನಿಂದ ಇನ್‌ಸ್ಟಾಲರಿನ ಮೊದಲ ಭಾಗವನ್ನು ಮೆಮೊರಿಗೆ ಎತ್ತಿಕೊಟ್ಟದ್ದು ಫರ್ಮ್‌ವೇರ್, ಎದ್ದು ಕೂತ ಇನ್‌ಸ್ಟಾಲರಿಗೆ ತಾನು ಬಂದ ಪೆನ್‌ಡ್ರೈವೇ ಕಾಣುತ್ತಿಲ್ಲ. ಹೆತ್ತ ತಾಯಿಯ ಗುರುತು ಸಿಗದೆ ನೆರೆಮನೆಯವಳ ಹೆಸರು ಹೇಳಿ ಅಳುತ್ತಿದೆ. ಪರಿಹಾರವಾಗಿ ಅದೇ ಕಿಟಕಿಯಲ್ಲಿ ‘ಬ್ರೌಸ್’ ಎಂಬ ಗುಂಡಿಯೊಂದಿದೆ. ಡ್ರೈವರ್ ಇರುವ ಜಾಗ ತೋರಿಸಿ ಎನ್ನುತ್ತದೆ ಅದು. ಗುಂಡಿ ಒತ್ತಲು ಮೌಸ್ ಬೇಕು. ಮೌಸ್ ನಡೆಯಲು ಡ್ರೈವರ್ ಬೇಕು. ಡ್ರೈವರ್ ಇರುವುದು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ಕಾಣಲು ಅದೇ ಡ್ರೈವರ್ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿ, ಎದುರಿಗೆ ನಿಂತವನನ್ನು ಪೆದ್ದ ಎನ್ನುವುದು ಎಲ್ಲಿಯ ನ್ಯಾಯ?

ಡ್ರೈವರನ್ನು ಕೈಯಾರೆ ತುಂಬಿಸುವ ವಿಧಾನವನ್ನು ‘ಸುಲಭ’ ಎಂದು ಕರೆಯುವವರು ಅದರ ಮೆಟ್ಟಿಲುಗಳನ್ನು ಎಣಿಸಿರಲಾರರು. ಇನ್‌ಸ್ಟಾಲರಿನ ಪೆನ್‌ಡ್ರೈವಿನಲ್ಲಿ ‘ಸೋರ್ಸಸ್’ ಎಂಬ ಫೋಲ್ಡರ್ ಇದೆ. ಅದರಲ್ಲಿ ಬೂಟ್ ಡಾಟ್ ವಿಮ್, ಇನ್‌ಸ್ಟಾಲ್ ಡಾಟ್ ವಿಮ್ ಎಂಬ ಎರಡು ದೊಡ್ಡ ಫೈಲ್‌ಗಳಿವೆ. ಬೂಟ್ ಡಾಟ್ ವಿಮ್‌ನೊಳಗೆ ಮತ್ತೆ ಎರಡು ಬಿಂಬಗಳು. ಇನ್ನೊಂದು ಕಂಪ್ಯೂಟರಿನಲ್ಲಿ ಡಿಸ್ಮ್ ಎಂಬ ಕಮಾಂಡಿನಿಂದ ಪ್ರತಿ ಬಿಂಬವನ್ನೂ ಒಂದು ಖಾಲಿ ಫೋಲ್ಡರಿಗೆ ತೆರೆದುಕೊಳ್ಳಬೇಕು, ಡ್ರೈವರ್ ಸೇರಿಸಬೇಕು, ಬದಲಾವಣೆಯನ್ನು ಉಳಿಸಿ ಮುಚ್ಚಬೇಕು. ಬೂಟ್ ಡಾಟ್ ವಿಮ್‌ಗೆ ಮಾತ್ರ ಸೇರಿಸಿ ಇನ್‌ಸ್ಟಾಲ್ ಡಾಟ್ ವಿಮ್ ಮರೆತರೆ ಏನಾಗುತ್ತದೆಂಬುದನ್ನು ನೋಡಬೇಕು. ಮೌಸ್ ಓಡುತ್ತದೆ, ಡಿಸ್ಕ್ ವಿಂಗಡಣೆ ಮುಗಿಯುತ್ತದೆ, ಫೈಲ್‌ಗಳೆಲ್ಲ ನಕಲಾಗುತ್ತವೆ, ಯಂತ್ರ ರೀಸ್ಟಾರ್ಟ್ ಆಗುತ್ತದೆ, ಬಳಕೆದಾರನ ಹೆಸರು ಬರೆಯಿರಿ ಎಂಬ ಕಿಟಕಿ ಬರುತ್ತದೆ. ಬರೆಯಲು ಕೈ ಎತ್ತಿದರೆ ಕೀಬೋರ್ಡ್ ಮತ್ತೆ ಹೆಣ. ನಕಲಾಗಿ ಬಂದ ವಿಂಡೋಸ್‌ನಲ್ಲಿ ಡ್ರೈವರ್ ಇಲ್ಲ. ದಡದ ಹತ್ತಿರ ಬಂದು ಮುಳುಗಿದಂತೆ, ಮೊದಲಿನಿಂದ ಎಲ್ಲವನ್ನೂ ಮಾಡಬೇಕು. ಇದು ಮನೆಯಲ್ಲಿ ಕೂತ ಗೃಹಿಣಿ, ಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಲೆಕ್ಕ ಬರೆಯುವ ಗುಮಾಸ್ತ ಮಾಡಬೇಕಾದ ಕೆಲಸವೇ?

‘ಹಳೆಯ ವಿಂಡೋಸ್‌ಗೆ ಯಾಕೆ ಜೋತುಬೀಳಬೇಕು, ಹೊಸದು ಹಾಕಿಕೊಳ್ಳಿ’ ಎಂಬುದು ಚಾಲ್ತಿಯ ಅಭಿಪ್ರಾಯದ ಕೊನೆಯ ಕೋಟೆ. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ವಿಂಡೋಸ್ 7 ಆಗ ಹಳೆಯದಾಗಿರಲಿಲ್ಲ. ಅದರ ಭದ್ರತಾ ಬೆಂಬಲ ಮುಗಿದದ್ದು 2020ರ ಜನವರಿ 14ರಂದು. ಸ್ಕೈಲೇಕ್ ಬಂದಾಗ ಅದಕ್ಕೆ ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಆಯಸ್ಸು ಇತ್ತು. ಅಷ್ಟರಲ್ಲೇ, 2016ರ ಜನವರಿಯಲ್ಲಿ, ಸ್ಕೈಲೇಕ್ ಯಂತ್ರಗಳ ಮೇಲೆ ವಿಂಡೋಸ್ 7ಕ್ಕೆ ಬೆಂಬಲ 2017ರ ಜುಲೈವರೆಗೆ ಮಾತ್ರ ಎಂದು ಮೈಕ್ರೋಸಾಫ್ಟ್ ಘೋಷಿಸಿತು. ವಿರೋಧ ಬಂದಾಗ ಗಡುವನ್ನು ಒಮ್ಮೆ ಮುಂದಕ್ಕೆ ಹಾಕಿ, ಕೊನೆಗೆ ಪೂರ್ತಿ ಅವಧಿಗೆ ಒಪ್ಪಿಕೊಂಡಿತು. ಬೆಂಬಲ ಕೊಡುತ್ತೇವೆ ಎಂದು ಒಪ್ಪಿದ ಕಂಪನಿ ಆ ಯಂತ್ರಕ್ಕೆ ಕೀಬೋರ್ಡ್ ನಡೆಯುವ ಇನ್‌ಸ್ಟಾಲರ್ ಕೊಡಲಿಲ್ಲ. ಊಟಕ್ಕೆ ಕರೆದು ಎಲೆ ಹಾಕದಿರುವುದಕ್ಕೆ ಬೇರೆ ಹೆಸರಿದೆಯೇ?

ಎರಡನೆಯದು, ಹೊಸದು ಹಾಕಿದರೂ ತೊಂದರೆ ತಪ್ಪುವುದಿಲ್ಲ. ಪೋರ್ಟಿನಿಂದ ಬೇರೆ ಕಡೆಗೆ ಜಾಗ ಬದಲಿಸುತ್ತದೆ, ಅಷ್ಟೇ. ಇತ್ತೀಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ಐ2ಸಿ ಎಂಬ ಒಳದಾರಿಯಲ್ಲಿ ಜೋಡಣೆಯಾಗಿರುತ್ತದೆ. ಆ ದಾರಿಯ ಡ್ರೈವರ್ ಇನ್‌ಸ್ಟಾಲರಿನಲ್ಲಿ ಇಲ್ಲದಿದ್ದರೆ ಟಚ್‌ಪ್ಯಾಡ್ ಮೂಕ. ಮೈಕ್ರೋಸಾಫ್ಟ್ 2017ರಲ್ಲಿ ತನ್ನದೇ ಸರ್ಫೇಸ್ ಲ್ಯಾಪ್‌ಟಾಪ್ ತಂದಿತು. ಅದರ ಕೀಬೋರ್ಡ್ ಯುಎಸ್‌ಬಿ ದಾರಿಯಲ್ಲಿ ಇರಲಿಲ್ಲ. ಕಚೇರಿಗಳಲ್ಲಿ ಒಟ್ಟಿಗೆ ವಿಂಡೋಸ್ ಹಾಕುವವರಿಗೆ ಆ ಕೀಬೋರ್ಡ್ ನಡೆಯಬೇಕಾದರೆ ಇಂತಿಂಥ ಡ್ರೈವರ್‌ಗಳನ್ನು ಮೊದಲೇ ತುಂಬಿಸಿಕೊಳ್ಳಿ ಎಂದು ಮೈಕ್ರೋಸಾಫ್ಟೇ ಸೂಚನೆ ಪ್ರಕಟಿಸಬೇಕಾಯಿತು. ಯಂತ್ರ ಅವರದು, ಕೀಬೋರ್ಡ್ ಅವರದು, ಆಪರೇಟಿಂಗ್ ಸಿಸ್ಟಂ ಅವರದು. ಮೂರೂ ಒಂದೇ ಮನೆಯವು, ಒಂದಕ್ಕೊಂದು ಮಾತಿಲ್ಲ. ಇಲ್ಲಿಯೂ ‘ಬೇರೆ ಕೀಬೋರ್ಡ್ ಹಾಕಿ ನೋಡಿ’ ಎನ್ನಬೇಕೇ? ಲ್ಯಾಪ್‌ಟಾಪಿನ ಕೀಬೋರ್ಡ್ ಕಿತ್ತು ಹಾಕಲು ಸ್ಕ್ರೂಡ್ರೈವರ್ ಕೊಡುವವರು ಯಾರು?

ಮುಕ್ತ ತಂತ್ರಾಂಶದ ಕಡೆಯವರೂ ಇಲ್ಲಿ ಎದೆಯುಬ್ಬಿಸಿ ನಿಲ್ಲುವಂತಿಲ್ಲ. ಆಪಲ್ ತನ್ನ ಮ್ಯಾಕ್‌ಬುಕ್ ಪ್ರೊ ಕೀಬೋರ್ಡನ್ನು 2016ರಲ್ಲಿ ಎಸ್‌ಪಿಐ ಎಂಬ ದಾರಿಗೆ ಬದಲಿಸಿತು. ಅದರ ಡ್ರೈವರ್ ಲಿನಕ್ಸ್‌ನ ಮೂಲ ಕರ್ನಲ್ ಸೇರಿದ್ದು 2019ರ 5.3 ಆವೃತ್ತಿಯಲ್ಲಿ. ನಡುವಿನ ಮೂರು ವರ್ಷ ಆ ಯಂತ್ರಗಳಿಗೆ ಲಿನಕ್ಸ್ ಹಾಕಲು ಹೊರಟವರು ಹೊರಗಿನ ಕೀಬೋರ್ಡ್ ಚುಚ್ಚಿಕೊಂಡು ಕೂರಬೇಕಾಗಿತ್ತು. ನಿಯಮಾವಳಿಯನ್ನು ಮುಚ್ಚಿಟ್ಟುಕೊಂಡ ಕಂಪನಿಯ ಪಾಪ ಇಲ್ಲಿ ದೊಡ್ಡದು. ಆದರೆ ಯಾವ ಯಂತ್ರಕ್ಕೂ ಆಗುತ್ತದೆ ಎಂದು ಡಂಗುರ ಸಾರಿ, ಯಾವ ಯಂತ್ರದ ಕೀಬೋರ್ಡ್ ನಡೆಯದು ಎಂಬುದನ್ನು ಡೌನ್‌ಲೋಡ್ ಗುಂಡಿಯ ಪಕ್ಕದಲ್ಲಿ ಹೇಳದ ಪಾಪ ಹಂಚುವವರದೇ.

ಮೂರನೆಯ ಉತ್ತರ ತೀರ ಈಚಿನದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆಯದನ್ನು ಬಿಟ್ಟು ವಿಂಡೋಸ್ 11ಕ್ಕೆ ಬನ್ನಿ ಎಂದು ಜಗತ್ತಿಗೆಲ್ಲ ಕರೆ ಹೋಯಿತು. ಅದೇ ದಿನ ವಿಂಡೋಸ್ 11ಕ್ಕೆ ಬಂದ ಭದ್ರತಾ ಅಪ್‌ಡೇಟ್ ಕೆಬಿ5066835, ರಿಪೇರಿಗೆಂದೇ ಇರುವ ರಿಕವರಿ ಪರಿಸರದಲ್ಲಿ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್‌ಗಳನ್ನು ನಿಲ್ಲಿಸಿಬಿಟ್ಟಿತು. ವಿಂಡೋಸ್ ಎದ್ದ ಮೇಲೆ ಎರಡೂ ನಡೆಯುತ್ತಿದ್ದವು. ವಿಂಡೋಸ್ ಏಳದೆ ರಿಪೇರಿಗೆ ಹೋದಾಗ ಮಾತ್ರ ಎರಡೂ ಸ್ತಬ್ಧ. ಆರೋಗ್ಯವಾಗಿದ್ದಾಗ ತೆರೆದಿದ್ದು ಕಾಯಿಲೆ ಬಂದಾಗ ಬಾಗಿಲು ಹಾಕುವ ಆಸ್ಪತ್ರೆ. ಸರಿಪಡಿಸುವ ಕೆಬಿ5070773 ಬಂದದ್ದು ಆರು ದಿನದ ಮೇಲೆ, ಅಕ್ಟೋಬರ್ 20ರಂದು. ಅದೂ ಬಂದದ್ದು ವಿಂಡೋಸ್ ಅಪ್‌ಡೇಟ್ ಮೂಲಕ. ವಿಂಡೋಸ್ ಏಳದವನು ವಿಂಡೋಸ್ ಅಪ್‌ಡೇಟ್ ಪಡೆಯುವುದು ಹೇಗೆ? ಸಿಕ್ಕಿಬಿದ್ದವರಿಗೆ ಸೂಚಿಸಿದ ದಾರಿಗಳಲ್ಲಿ ಒಂದು ಪಿಎಸ್/2 ಕೀಬೋರ್ಡ್ ಬಳಸುವುದು. ಐಬಿಎಂ 1987ರಲ್ಲಿ ತಂದ ಆ ದುಂಡನೆಯ ಆರು ಸೂಜಿಯ ಪೋರ್ಟನ್ನು ಹಳತು, ಹಳತು ಎಂದು ಹೆಚ್ಚಿನ ಲ್ಯಾಪ್‌ಟಾಪ್‌ಗಳಿಂದ, ಬಹಳಷ್ಟು ಬೋರ್ಡ್‌ಗಳಿಂದ ತೆಗೆದುಹಾಕಿ, ಕುತ್ತು ಬಂದಾಗ ಅದರ ಹೆಸರು ಹೇಳುವುದು. ಅಜ್ಜನನ್ನು ಮನೆಯಿಂದ ಹೊರಗೆ ಹಾಕಿದವರು ರಾತ್ರಿ ಕಳ್ಳ ಬಂದಾಗ ‘ಅಜ್ಜಾ’ ಎಂದು ಕೂಗಿದ ಹಾಗೆ.

ಹೊಸದಕ್ಕೆ ಬನ್ನಿ ಎಂಬ ಉಪದೇಶ ಇಲ್ಲಿ ತಾನೇ ತಾನಾಗಿ ಕುಸಿಯುತ್ತದೆ. ಹಳೆಯದರಲ್ಲಿ ಡ್ರೈವರ್ ಇರಲಿಲ್ಲ, ಹೊಸದರಲ್ಲಿ ಇದ್ದ ಡ್ರೈವರ್ ಮುರಿಯಿತು. ಎರಡಕ್ಕೂ ಕಾರಣ ಒಂದೇ: ಇನ್‌ಸ್ಟಾಲರ್ ಮತ್ತು ರಿಪೇರಿ ಪರಿಸರಗಳನ್ನು ನಡೆಯುತ್ತಿರುವ ವಿಂಡೋಸ್‌ನಷ್ಟು ಕಾಳಜಿಯಿಂದ ಯಾರೂ ಪರೀಕ್ಷಿಸುವುದಿಲ್ಲ. ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಯಂತ್ರಗಳಿವೆ, ಎಲ್ಲದರ ಡ್ರೈವರ್ ತುಂಬಲು ಸಾಧ್ಯವೇ ಎಂಬ ನೆಪ ಇಲ್ಲಿ ಸಲ್ಲದು. ಎಕ್ಸ್‌ಎಚ್‌ಸಿಐ ಎಂಬ ನಿಯಮಾವಳಿ ಹುಟ್ಟಿದ್ದೇ ಯಾವ ಕಂಪನಿಯ ಚಿಪ್ಪಾದರೂ ಒಂದೇ ಮಾದರಿಯ ಡ್ರೈವರಿಗೆ ಬಗ್ಗಲಿ ಎಂದು. ಬೂಟ್ ಪ್ರೋಟೋಕಾಲ್ ಹುಟ್ಟಿದ್ದೇ ಎಂಟು ಬೈಟಿನಲ್ಲಿ ಕೆಲಸ ಮುಗಿಯಲಿ ಎಂದು. ಸಾವಿರ ಡ್ರೈವರ್ ಯಾರೂ ಕೇಳಿಲ್ಲ. ‘ನೆಕ್ಸ್ಟ್’ ಒತ್ತುವಷ್ಟು ಸಾಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನು ಕೊಂಡು ತಂದವನಿಗೇ ದಂಡ.

ದಂಡ ಹಲವು ಬಗೆಯದು. ಒಂದು, ದುಡ್ಡು. ಚೆನ್ನಾಗಿರುವ ಕೀಬೋರ್ಡ್ ಬದಲಾಗುತ್ತದೆ, ಚೆನ್ನಾಗಿರುವ ಪೆನ್‌ಡ್ರೈವ್ ಬದಲಾಗುತ್ತದೆ, ಕೊನೆಗೆ ಚೆನ್ನಾಗಿರುವ ಬೋರ್ಡಿಗೂ ಬಿಲ್ ಬರುತ್ತದೆ. ಎರಡು, ಭದ್ರತೆ. ಸರಿಯಾದ ಇನ್‌ಸ್ಟಾಲರ್ ಅಧಿಕೃತವಾಗಿ ಸಿಗದಿದ್ದಾಗ, ‘ಯುಎಸ್‌ಬಿ 3 ಸೇರಿಸಿದ’ ಎಂಬ ಹಣೆಪಟ್ಟಿಯ ಐಎಸ್‌ಒ ಫೈಲನ್ನು ಯಾರೋ ಎಲ್ಲಿಂದಲೋ ಇಳಿಸಿಕೊಡುತ್ತಾರೆ. ಡ್ರೈವರ್ ಸೇರಿಸಿದ ಅಪರಿಚಿತ ಅದರೊಂದಿಗೆ ಇನ್ನೇನು ಸೇರಿಸಿದ್ದಾನೆ? ಬ್ಯಾಂಕಿನ ಪಾಸ್‌ವರ್ಡ್ ಬರೆಯುವ ಯಂತ್ರದ ತಳಪಾಯವನ್ನೇ ಹೆಸರಿಲ್ಲದವನ ಕೈಗೆ ಒಪ್ಪಿಸುವಂತೆ ಮಾಡಿದ್ದು ಯಾರು? ಮೂರು, ಸ್ವಾವಲಂಬನೆ. ಕಣ್ಣು ಕಾಣದವರೂ ಯಾರ ನೆರವಿಲ್ಲದೆ ವಿಂಡೋಸ್ ಹಾಕಿಕೊಳ್ಳಲಿ ಎಂದು ಈಗಿನ ಇನ್‌ಸ್ಟಾಲರಿನಲ್ಲಿ ಪರದೆ ಓದುವ ನ್ಯಾರೇಟರ್ ಇಟ್ಟಿದ್ದಾರೆ. ಅದನ್ನು ಎಬ್ಬಿಸುವುದು ಕೀಬೋರ್ಡಿನಿಂದ. ಕೀಬೋರ್ಡ್ ಸತ್ತರೆ ಅವರಿಗೆ ಪರದೆಯೂ ಸತ್ತಂತೆ. ಸೌಲಭ್ಯ ಜಾಹೀರಾತಿನಲ್ಲಿ ಮಾತ್ರ ಉಳಿಯುತ್ತದೆ.

ಸರಿಯಾದ ತಪಾಸಣೆಗೆ ಇಷ್ಟು ತಿಪ್ಪರಲಾಗ ಬೇಡ. ಕ್ರಮ ಗೊತ್ತಿದ್ದರೆ ಸಾಕು. ಮೊದಲು ಬಯೋಸ್‌ಗೆ ಹೋಗಿ ಬಾಣದ ಕೀ ಒತ್ತಬೇಕು. ಅಲ್ಲಿ ನಡೆದರೆ ಕೀಬೋರ್ಡ್, ತಂತಿ, ಪೋರ್ಟ್ ಮೂರೂ ಸರಿ. ಅವನ್ನು ಇನ್ನು ಮುಟ್ಟುವಂತಿಲ್ಲ. ಬಯೋಸ್‌ಗೇ ಹೋಗಲಾಗದಿದ್ದರೆ ಫಾಸ್ಟ್ ಬೂಟ್ ಆನ್ ಆಗಿದೆಯೇ ಎಂದು ಅನುಮಾನಿಸಬೇಕು. ಬೇಗ ಏಳುವ ಆತುರದಲ್ಲಿ ಅದು ಯುಎಸ್‌ಬಿಯನ್ನು ಎಬ್ಬಿಸದೇ ಬಿಟ್ಟಿರಬಹುದು. ಬ್ಲೂಟೂತ್ ಕೀಬೋರ್ಡಾದರೆ ಜೋಡಣೆಯ ನೆನಪು ಹಳೆಯ ಸಿಸ್ಟಮಿನೊಂದಿಗೆ ಹೋಗಿರುತ್ತದೆ; ತಂತಿಯ ಕೀಬೋರ್ಡ್ ಅಥವಾ ತನ್ನದೇ ಡಾಂಗಲ್ ಇರುವ ವೈರ್‌ಲೆಸ್ ಕೀಬೋರ್ಡ್ ಬೇಕು. ಕೆಲವು ಗೇಮಿಂಗ್ ಕೀಬೋರ್ಡ್‌ಗಳ ಬೆನ್ನಿಗೆ ಬಯೋಸ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಅವು ಸರಳ ಎಂಟು ಬೈಟಿನ ಭಾಷೆಗೆ ಇಳಿಯುತ್ತವೆ. ಆಮೇಲೆ ಬಯೋಸ್‌ನಲ್ಲಿ ಲೆಗಸಿ ಯುಎಸ್‌ಬಿ ಸಪೋರ್ಟ್, ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್ ಆಯ್ಕೆಗಳನ್ನು ನೋಡಬೇಕು. ಕೆಲವು ಬೋರ್ಡ್‌ಗಳಲ್ಲಿ ಪೋರ್ಟ್ 60/64 ಎಮ್ಯುಲೇಷನ್ ಎಂಬುದಿದೆ. ಯುಎಸ್‌ಬಿ ಕೀಬೋರ್ಡಿಗೆ ಪಿಎಸ್/2 ವೇಷ ಹಾಕಿಸುವ ಆಯ್ಕೆ ಅದು. ಬೋರ್ಡಿನಲ್ಲಿ ನಿಜವಾದ ಪಿಎಸ್/2 ಪೋರ್ಟೂ ಅದಕ್ಕೆ ತಕ್ಕ ಕೀಬೋರ್ಡೂ ಇದ್ದು, ಸಾಟಾ ಡಿವಿಡಿ ಡ್ರೈವೂ ಇದ್ದರೆ ಏನನ್ನೂ ತಿದ್ದದೆ ವಿಂಡೋಸ್ 7 ಹಾಕಿ, ಆಮೇಲೆ ಬೋರ್ಡಿನ ಡಿಸ್ಕಿನಿಂದ ಯುಎಸ್‌ಬಿ ಡ್ರೈವರ್ ಹಾಕಬಹುದು. ಇಷ್ಟರಲ್ಲಿ ಯಾವುದೂ ಇಲ್ಲದಿದ್ದರೆ ಮಾತ್ರ ತಯಾರಕರ ಉಪಕರಣದಿಂದ ಎಲ್ಲ ಬಿಂಬಗಳಿಗೂ ಡ್ರೈವರ್ ತುಂಬಿಸಬೇಕು. ಈ ಇಡೀ ಕ್ರಮದಲ್ಲಿ ಕೀಬೋರ್ಡ್ ಬದಲಿಸುವ ಮಾತು ಬ್ಲೂಟೂತ್ ಮತ್ತು ಪಿಎಸ್/2 ಸಂದರ್ಭಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಕೀಬೋರ್ಡ್ ಸಿಕ್ಕಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು ಹಳೆಯ ಬಯೋಸ್‌ಗಳು ಹೇಳುತ್ತಿದ್ದವು. ಅದನ್ನು ಓದಿ ನಕ್ಕು ಸುಮ್ಮನಾದದ್ದೇ ತಪ್ಪಾಯಿತು. ನಗುವ ಗಿರಾಕಿ ಜಗಳ ಆಡುವುದಿಲ್ಲ ಎಂಬುದನ್ನು ಈ ಉದ್ಯಮ ಅಂದೇ ಕಲಿತುಕೊಂಡಿತು. ಆ ನಗುವನ್ನು ಇನ್ನು ನಿಲ್ಲಿಸಬೇಕು, ಮತ್ತು ಕೇಳಬೇಕಾದದ್ದನ್ನು ಕೇಳಬೇಕು. ಬೆಂಬಲದ ಅವಧಿ ಇರುವ ಪ್ರತಿ ಆಪರೇಟಿಂಗ್ ಸಿಸ್ಟಮಿಗೂ ಆ ಅವಧಿಯಲ್ಲಿ ಮಾರಾಟವಾಗುವ ಯಂತ್ರದ ಕೀಬೋರ್ಡ್, ಮೌಸ್, ಟಚ್‌ಪ್ಯಾಡ್ ನಡೆಸುವ ಹೊಸ ಇನ್‌ಸ್ಟಾಲರ್ ಕೊಡಬೇಕು. ರಿಪೇರಿ ಪರಿಸರದಲ್ಲಿ ಕೀಬೋರ್ಡ್ ಒತ್ತಿ ನೋಡದೆ ಒಂದು ಅಪ್‌ಡೇಟೂ ಹೊರಡಬಾರದು. ಯಾವ ಸಿಸ್ಟಮಿನ ಇನ್‌ಸ್ಟಾಲರಿನಲ್ಲಿ ತನ್ನ ಪೋರ್ಟುಗಳು ನಡೆಯುವುದಿಲ್ಲ ಎಂಬುದನ್ನು ಬೋರ್ಡ್ ತಯಾರಕರು ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲಿ ಅಚ್ಚು ಹಾಕಬೇಕು. ಡ್ರೈವರ್ ಸಿಗದಾಗ ಸಿಡಿಯ ಹೆಸರು ಹೇಳುವ ಇನ್‌ಸ್ಟಾಲರ್, ಯಾವ ಕಂಟ್ರೋಲರಿನ ಡ್ರೈವರ್ ತನ್ನಲ್ಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಶಾಲೆಗೆ, ಪಂಚಾಯಿತಿಗೆ, ಕಚೇರಿಗೆ ಕಂಪ್ಯೂಟರ್ ಕೊಳ್ಳುವವರು ಟೆಂಡರಿನಲ್ಲಿ ಒಂದು ಸಾಲು ಸೇರಿಸಬೇಕು: ಖಾಲಿ ಡಿಸ್ಕಿಗೆ ಆಪರೇಟಿಂಗ್ ಸಿಸ್ಟಂ ಹಾಕಿ ತೋರಿಸಿದ ಮೇಲೆಯೇ ಹಣ.

ರಿಪೇರಿ ಅಂಗಡಿಯ ಮೇಜಿನ ಮುಂದೆ ನಿಲ್ಲುವ ಗಿರಾಕಿಗೂ ಒಂದು ಕೆಲಸವಿದೆ. ಹೊಸ ಕೀಬೋರ್ಡಿಗೆ ಬಿಲ್ ಬರೆಯಲು ಪೆನ್ನು ತೆಗೆದವರಿಗೆ, ಮೊದಲು ಹಳೆಯದನ್ನು ಬಯೋಸ್‌ನಲ್ಲಿ ಒತ್ತಿ ತೋರಿಸಿ ಎನ್ನಬೇಕು. ಬಾಣ ಅಲ್ಲಿ ಒಂದು ಸಾಲು ಕೆಳಗಿಳಿದರೆ ಆ ಬಿಲ್ ಹರಿಯಬೇಕು.